ಲೋಗೊ ದಾಟದ ಆಂಡ್ರಾಯ್ಡ್: ಒಂದು ಶಾಲೆಯ ರಾಸ್‌ಬೆರಿ ಪೈ ಪ್ರಕರಣ

"ತಮಾ, ನೀನು ಕಳಿಸಿದ ಪೆಟ್ಟಿಗೆ ಶುರುವಾಗ್ತಾನೇ ಇದೆ. ಶುರುವಾಗೋದು ಮುಗೀತಾನೇ ಇಲ್ಲ."

ನಮ್ಮೂರ ಶಾಲೆಯ ಟೀಚರು, ನಮ್ಮ ಬಾಯಲ್ಲಿ ಅಕ್ಕೋರು, ಫೋನಿನಲ್ಲಿ ಹೀಗೆ ಹೇಳಿದರು. ಬೂಟ್ ಲೂಪ್ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಅದು 2023ರ ಜೂನ್. ಸಿದ್ದಾಪುರ ತಾಲ್ಲೂಕಿನಲ್ಲಿ ಮಳೆ ಹಿಡಿದಿತ್ತು, ಶಾಲೆ ಶುರುವಾಗಿ ಕೆಲವೇ ವಾರ ಆಗಿತ್ತು. ನಾನು ಓದಿದ ಪ್ರಾಥಮಿಕ ಶಾಲೆ ಅದು. ಅಲ್ಲಿ ಯಾರೋ ದಾನ ಕೊಟ್ಟ 32 ಇಂಚಿನ ಒಂದು ಟಿವಿ ಇತ್ತು. ಅದಕ್ಕೆ ಇಂಟರ್ನೆಟ್ ಗೊತ್ತಿಲ್ಲ, ಆದರೆ ಎಚ್‌ಡಿಎಂಐ ಕಿಂಡಿ ಇತ್ತು. ಅಷ್ಟು ಸಾಕು ಅಂದುಕೊಂಡು ರಾಸ್‌ಬೆರಿ ಪೈ 4 ಅನ್ನುವ, ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರಿಗೆ ಆಂಡ್ರಾಯ್ಡ್ ಹಾಕಿ ಬೆಂಗಳೂರಿನಿಂದ ಕಳಿಸಿದ್ದೆ.

ಯಾಕೆ ಆಂಡ್ರಾಯ್ಡ್, ಲಿನಕ್ಸ್ ಯಾಕಲ್ಲ ಅಂತ ಆಗ ಕೆಲವು ಗೆಳೆಯರು ಕೇಳಿದ್ದರು. ಕಾರಣ ಸರಳ. ಮಕ್ಕಳಿಗೂ ಅಕ್ಕೋರಿಗೂ ಫೋನು ಗೊತ್ತು. ಪಾಠದ ಆ್ಯಪ್‌ಗಳು ಫೋನಿಗೆಂದೇ ಬರುತ್ತವೆ. ನೆಟ್ ಇಲ್ಲದಾಗ ಕನ್ನಡ ವಿಕಿಪೀಡಿಯ ಓದೋದಕ್ಕೆ ಕಿವಿಕ್ಸ್ ಇದೆ. ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ. ಆ ತೀರ್ಮಾನ ಸರಿಯೆಂದೇ ನಾನು ಈಗಲೂ ನಂಬುತ್ತೇನೆ. ಆದರೆ ಫೋನಿಗೆಂದು ಬರೆದ ವ್ಯವಸ್ಥೆಯನ್ನು ಒಂದು ಬರಿಯ ಬೋರ್ಡಿಗೆ ಹಾಕಿದಾಗ ಏನೇನು ಕೈಕೊಡುತ್ತದೆ ಅನ್ನೋದು ನನಗೆ ಆಗ ಪೂರ್ತಿ ಗೊತ್ತಿರಲಿಲ್ಲ.

ಇದ್ದ ಸಾಮಾನು ಇಷ್ಟು. 4 ಜಿಬಿ ಮೆಮೊರಿಯ ರಾಸ್‌ಬೆರಿ ಪೈ 4 ಮಾಡೆಲ್ ಬಿ. ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿ ಆಂಡ್ರಾಯ್ಡ್ 13 ಆಧರಿಸಿದ ಲೀನಿಯೇಜ್‌ಓಎಸ್ 20. ಇದು ಪೈ ಬೋರ್ಡಿಗೆಂದು ಸಮುದಾಯದವರು ಕಟ್ಟಿದ ಅನಧಿಕೃತ ಇಮೇಜು, ಅಂದರೆ ಕಾರ್ಡಿಗೆ ಹಾಗೇ ಬರೆಯುವ ಇಡೀ ವ್ಯವಸ್ಥೆಯ ಫೈಲು. ಮೈಕ್ರೊ ಎಚ್‌ಡಿಎಂಐ ಕೇಬಲ್, ಒಂದು ಮೌಸ್, ಕೀಬೋರ್ಡ್. ಪವರ್ ಅಡಾಪ್ಟರ್ ಮಾತ್ರ ಪಾರ್ಸೆಲ್‌ನಲ್ಲಿ ಹೋಗಲಿಲ್ಲ. "ಟೈಪ್ ಸಿ ಅಲ್ವಾ? ನಮ್ಮಲ್ಲಿ ಫೋನಿನ ಚಾರ್ಜರ್ ಇದೆ, ಅದೇ ಕೂರುತ್ತೆ" ಅಂದರು ಅಕ್ಕೋರು. ನಾನೂ ಹೂಂ ಅಂದೆ. ಆ ಹೂಂಗೆ ಮುಂದೆ ಒಂದು ತಿಂಗಳು ಹೋಯಿತು.

ಮೊದಲ ಮೂರು ವಾರ

ನಮ್ಮನೆಯಲ್ಲಿ ಎರಡು ದಿನ ಚೆನ್ನಾಗಿ ಓಡಿದ ಪೆಟ್ಟಿಗೆ ಶಾಲೆಯಲ್ಲಿ ಲೋಗೊ ದಾಟಲಿಲ್ಲ. ಕಮಾನಿನ ಮೇಲೆ ಉಂಗುರ ಜಾರುವ ಲೀನಿಯೇಜ್ ಅನಿಮೇಷನ್ ಬರುತ್ತಿತ್ತು. ಎರಡು ಮೂರು ನಿಮಿಷ ಹಾಗೇ ಇದ್ದು, ಮತ್ತೆ ಮೊದಲಿನಿಂದ ಶುರು.

ಕಾರ್ಡು ತೆಗೆದು ಹಾಕಿ ನೋಡಿ ಅಂದೆ. ಪ್ರಯೋಜನ ಆಗಲಿಲ್ಲ. ಇಮೇಜು ಕೆಟ್ಟಿರಬೇಕು ಅಂದುಕೊಂಡು, ಪಕ್ಕದ ಊರಿನ ಕಾಲೇಜು ಹುಡುಗನೊಬ್ಬನ ಹತ್ತಿರ ಮತ್ತೆ ಬರೆಸಿದೆ. ಒಂದು ಬೆಳಿಗ್ಗೆ ಓಡಿತು, ಮಧ್ಯಾಹ್ನ ನಿಂತಿತು. ಆಮೇಲೆ ನಾನೇ ಇನ್ನೊಂದು ಕಾರ್ಡಿಗೆ ಬರೆದು ಕೊರಿಯರ್ ಮಾಡಿದೆ. ಅದು ತಲುಪೋಕೆ ನಾಲ್ಕು ದಿನ ಬೇಕಾಯಿತು. ಅದೂ ಒಂದು ದಿನ ಓಡಿ ನಿಂತಿತು.

ಈ ಪ್ರಯತ್ನಗಳಲ್ಲಿ ನಾನು ಮಾಡಿದ್ದು ಒಂದೇ ತಪ್ಪು. ಏನಾಗಿದೆ ಅಂತ ನೋಡದೆ ಅಳಿಸಿ ಬರೆದೆ. ಕಾರ್ಡಿನಲ್ಲಿ ಕೆಟ್ಟದ್ದರ ಗುರುತು ಇರುತ್ತದೆ, ಲಾಗ್, ಅಂದರೆ ನಡೆದದ್ದರ ದಾಖಲೆ ಇರುತ್ತದೆ. ಹೊಸ ಇಮೇಜು ಬರೆದ ಕೂಡಲೇ ಅದೆಲ್ಲ ಹೋಯಿತು. ಫೋನು ಕೆಟ್ಟರೆ ರೀಸೆಟ್ ಮಾಡಿ ಅನ್ನೋದು ನಮಗೆಲ್ಲ ಅಭ್ಯಾಸವಾಗಿದೆ. ಒಮ್ಮೊಮ್ಮೆ ಅದರಿಂದ ಸರಿಯೂ ಆಗುತ್ತದೆ. ಇಲ್ಲಿ ಅರ್ಧ ದಿನ ಸರಿಯಾದದ್ದೇ ನನ್ನನ್ನು ದಾರಿ ತಪ್ಪಿಸಿತು.

ಊರಿನವರ ಅನುಮಾನ ಬೇರೆ ಇತ್ತು. ಮಳೆಗಾಲದಲ್ಲಿ ಅಲ್ಲಿ ಕರೆಂಟು ಏರುಪೇರು. ಸಂಜೆ ಹೊತ್ತು ಬಲ್ಬು ಮಂಕಾಗೋದು ಎಲ್ಲರೂ ನೋಡಿದ್ದೇ. "ವೋಲ್ಟೇಜ್ ಇಲ್ಲ ತಮಾ, ಅದಕ್ಕೇ" ಅಂದರು ಅಕ್ಕೋರು. ನಾನು ಚಾರ್ಜರ್ ಮೇಲೆ ಏನು ಬರೆದಿದೆ ಅಂತ ಓದಿಸಿದೆ. ಇನ್‌ಪುಟ್ 100ರಿಂದ 240 ವೋಲ್ಟ್. ಅಂದರೆ ಗೋಡೆಯಲ್ಲಿ 170 ಇದ್ದರೂ ಆ ಚಾರ್ಜರ್‌ಗೆ ತೊಂದರೆ ಇಲ್ಲ, ಅದು 5 ವೋಲ್ಟ್ ಕೊಟ್ಟೇ ಕೊಡುತ್ತದೆ. ಹಾಗಾಗಿ ಕರೆಂಟಿನ ಮಾತನ್ನು ನಾನು ಬದಿಗಿಟ್ಟೆ. ಅಕ್ಕೋರ ಮಾತಿನಲ್ಲಿ ಅರ್ಧ ಸತ್ಯ ಇತ್ತು ಅಂತ ಆಮೇಲೆ ಗೊತ್ತಾಯಿತು. ವೋಲ್ಟೇಜ್ ಕಡಿಮೆ ಇದ್ದದ್ದು ನಿಜ. ಗೋಡೆಯಲ್ಲಿ ಅಲ್ಲ, ಬೋರ್ಡಿನಲ್ಲಿ.

ಕೆಂಪು ದೀಪ

ಪೈ 4ರ ಮೂಲೆಯಲ್ಲಿ ಎರಡು ಪುಟ್ಟ ದೀಪ ಇವೆ. ಹಸಿರು ದೀಪ ಕಾರ್ಡು ಓದುವಾಗ ಮಿಣುಕುತ್ತದೆ. ಬೂಟ್ ಆಗೋಕೆ ಬೇಕಾದ ಫೈಲು ಸಿಗದಿದ್ದರೆ ಲೆಕ್ಕ ಹಾಕಿ ಮಿಣುಕುತ್ತದೆ. ನಾಲ್ಕು ಸಲ ಅಂದರೆ ಸ್ಟಾರ್ಟ್ ಫೈಲು ಇಲ್ಲ, ಏಳು ಸಲ ಅಂದರೆ ಕರ್ನೆಲ್, ಅಂದರೆ ವ್ಯವಸ್ಥೆಯ ತಿರುಳು, ಸಿಗಲಿಲ್ಲ. ಕೆಂಪು ದೀಪ ವಿದ್ಯುತ್ತಿನದು. ಬೋರ್ಡಿಗೆ ಸಿಗುವ ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗಿಳಿದರೆ ಅದು ಆರುತ್ತದೆ. ಮತ್ತೆ ಮೇಲೇರಿದರೆ ಹತ್ತುತ್ತದೆ.

ಮೂರನೇ ವಾರದ ಕೊನೆಗೆ ನನಗೆ ಇದನ್ನು ಕೇಳಬೇಕು ಅನಿಸಿತು.

"ಅಕ್ಕೋರೇ, ಕೆಂಪು ದೀಪ ಒಂದೇ ಸಮ ಉರೀತಿದೆಯಾ?"

"ಮೊದಲು ಉರೀತದೆ. ಆ ಉಂಗುರ ಜಾರೋಕೆ ಶುರುವಾದ ಮೇಲೆ ಆರಿ ಆರಿ ಹತ್ತುತ್ತದೆ."

"ಆಮೇಲೆ?"

"ಆಮೇಲೆ ಟಿವಿ ಕಪ್ಪಾಗಿ, ಕಾಮನಬಿಲ್ಲಿನ ಬಣ್ಣದ ಚೌಕ ಬಂದು, ಮತ್ತೆ ಉಂಗುರ."

ಈ ಎರಡು ಉತ್ತರದಲ್ಲಿ ಅರ್ಧ ರೋಗ ಸಿಕ್ಕಿತು. ಕಾಮನಬಿಲ್ಲಿನ ಚೌಕ ತೋರಿಸೋದು ಆಂಡ್ರಾಯ್ಡ್ ಅಲ್ಲ. ಅದಕ್ಕೂ ಮೊದಲು ಏಳುವ ಪೈನ ಫರ್ಮ್‌ವೇರ್, ಅಂದರೆ ಬೋರ್ಡಿನದೇ ಮೂಲ ಪ್ರೋಗ್ರಾಂ. ಅದು ಮತ್ತೆ ಬಂತು ಅಂದರೆ ಇಡೀ ಬೋರ್ಡೇ ಸತ್ತು ಹುಟ್ಟಿದೆ. ಆಂಡ್ರಾಯ್ಡ್ ಒಳಗಿನ ಯಾವುದೋ ಪ್ರೋಗ್ರಾಂ ಬಿದ್ದಿದ್ದರೆ ಚೌಕ ಬರೋದಿಲ್ಲ, ಅನಿಮೇಷನ್ ಮಾತ್ರ ಮತ್ತೆ ಮೊದಲಾಗುತ್ತದೆ. ಬೂಟ್ ಲೂಪ್ ಅಂತ ಒಂದೇ ಹೆಸರಿನಿಂದ ಕರೆದರೂ ಇವು ಎರಡು ಬೇರೆ ಬೇರೆ ಕಾಯಿಲೆ. ಯಾರಿಗಾದರೂ ಇಂಥ ತೊಂದರೆ ಬಂದರೆ ನಾನು ಈಗ ಮೊದಲು ಕೇಳೋದು ಇದೇ ಪ್ರಶ್ನೆ: ಚೌಕ ಬರುತ್ತಾ, ಇಲ್ಲವಾ?

ಜುಲೈ ಮೊದಲ ಶನಿವಾರ ಊರಿಗೆ ಹೋದೆ. ಚೀಲದಲ್ಲಿ ಮಲ್ಟಿಮೀಟರ್, 3 ಆಂಪಿನ ಸರಿಯಾದ ಅಡಾಪ್ಟರ್, ಬೋರ್ಡಿನ ಮಾತನ್ನು ಲ್ಯಾಪ್‌ಟಾಪಿಗೆ ತರುವ ಯುಎಸ್‌ಬಿ ಸೀರಿಯಲ್ ತಂತಿ, ಎರಡು ಹೊಸ ಕಾರ್ಡು, ಲ್ಯಾಪ್‌ಟಾಪ್ ಇದ್ದವು.

ಏನನ್ನೂ ಬದಲಿಸದೆ ಮೊದಲು ಅಳೆದೆ. ಪೈನ 40 ಪಿನ್ನುಗಳಲ್ಲಿ 4ನೆಯದು 5 ವೋಲ್ಟ್, 6ನೆಯದು ಗ್ರೌಂಡ್. ಅವೆರಡರ ಮೇಲೆ ಮೀಟರ್ ಮುಳ್ಳಿಟ್ಟರೆ ಬೋರ್ಡಿಗೆ ನಿಜವಾಗಿ ಎಷ್ಟು ತಲುಪುತ್ತಿದೆ ಅಂತ ಗೊತ್ತಾಗುತ್ತದೆ. ಅಕ್ಕಪಕ್ಕದ ಪಿನ್ನಿಗೆ ತಾಗದ ಹಾಗೆ ಕೈ ಗಟ್ಟಿ ಇರಬೇಕು. ಶುರುವಿನಲ್ಲಿ 4.82 ತೋರಿಸಿತು. ಉಂಗುರ ಜಾರೋಕೆ ಶುರುವಾದ ಕೂಡಲೇ 4.51. ಕೆಂಪು ದೀಪ ಆರಿತು.

ಚಾರ್ಜರ್ ಮೇಲೆ 18 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ಪೈ 4ಕ್ಕೆ ಬೇಕಾದ್ದು 5 ವೋಲ್ಟ್, 3 ಆಂಪ್, ಅಂದರೆ 15 ವ್ಯಾಟ್. ಮೇಲ್ನೋಟಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ, ಅಲ್ವಾ? ಆದರೆ ಸಣ್ಣ ಅಕ್ಷರ ಓದಿದರೆ ಕತೆ ಬೇರೆ. ಆ 18 ವ್ಯಾಟ್ ಸಿಗೋದು 9 ವೋಲ್ಟಿನಲ್ಲಿ. ಫೋನು ಚಾರ್ಜರ್ ಜೊತೆ ಮಾತಾಡಿ 9 ವೋಲ್ಟ್ ಕೊಡು ಅಂತ ಕೇಳುತ್ತದೆ. ಪೈ 4 ಹಾಗೆ ಕೇಳೋದೇ ಇಲ್ಲ, ಅದಕ್ಕೆ ಬೇಕಾದ್ದು 5 ಮಾತ್ರ. 5 ವೋಲ್ಟಿನಲ್ಲಿ ಆ ಚಾರ್ಜರ್ ಕೊಡುವುದು 2 ಆಂಪ್, ಅಂದರೆ 10 ವ್ಯಾಟ್.

ಆದರೂ ಬರೀ ಪೈ, ಮೌಸ್, ಕೀಬೋರ್ಡಿಗೆ 2 ಆಂಪ್ ಸಾಕಾಗಬೇಕಿತ್ತು. ಹಾಗಾಗಿ ಚಾರ್ಜರ್ ಅದನ್ನೇ ಇಟ್ಟು ಕೇಬಲ್ ಮಾತ್ರ ಬದಲಿಸಿದೆ. ನನ್ನ ಹತ್ತಿರ ಇದ್ದ ದಪ್ಪನೆಯ, ಗಿಡ್ಡ ಕೇಬಲ್ ಹಾಕಿದಾಗ ಅದೇ ಹೊತ್ತಿನಲ್ಲಿ 4.84. ದೀಪ ಆರಲಿಲ್ಲ. ಕಳ್ಳ ಕೇಬಲ್‌ನಲ್ಲಿದ್ದ.

ಇದರ ಲೆಕ್ಕ ಯಾರು ಬೇಕಾದರೂ ಮಾಡಬಹುದು. ಸಪೂರ ಕೇಬಲ್‌ಗಳಲ್ಲಿ ಒಳಗೆ 28 ಗೇಜಿನ ತಂತಿ ಇರುತ್ತದೆ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ಸಪೂರ). ಒಂದು ಮೀಟರ್ ಕೇಬಲ್ ಅಂದರೆ ಹೋಗಿ ಬರುವ ದಾರಿ ಎರಡು ಮೀಟರ್. ಅದರ ತಡೆ ಸುಮಾರು 0.4 ಓಮ್. ಪೈ ಸುಮ್ನೆ ಇರುವಾಗ 0.6 ಆಂಪ್ ಎಳೆಯುತ್ತದೆ, ಆಗ ದಾರಿಯಲ್ಲಿ ಕಾಲು ವೋಲ್ಟ್ ಹೋಗುತ್ತದೆ. ಆಂಡ್ರಾಯ್ಡ್ ಏಳುವಾಗ ಪ್ರೊಸೆಸರಿನ ನಾಲ್ಕೂ ಕೋರ್ ದುಡಿಯುತ್ತವೆ, 1.2 ಆಂಪ್ ದಾಟುತ್ತದೆ, ಆಗ ಅರ್ಧ ವೋಲ್ಟ್ ಹೋಗುತ್ತದೆ. 5ರಲ್ಲಿ ಅರ್ಧ ಹೋದರೆ ನಾಲ್ಕೂವರೆ. ಮೀಟರ್ ತೋರಿಸಿದ್ದೂ ಅದನ್ನೇ. ಪೈಗೆಂದೇ ಮಾಡಿದ ಅಡಾಪ್ಟರಿನಲ್ಲಿ ದಪ್ಪದ 18 ಗೇಜ್ ತಂತಿಯನ್ನು ಅಡಾಪ್ಟರಿಗೇ ಬೆಸೆದು, ವೋಲ್ಟೇಜನ್ನೂ 5.1 ಇಟ್ಟಿರೋದು ಇದಕ್ಕೇ. ದಾರಿಯ ನಷ್ಟವನ್ನು ಮೊದಲೇ ಲೆಕ್ಕ ಹಿಡಿದಿದ್ದಾರೆ.

ಆಂಡ್ರಾಯ್ಡ್ ತಪ್ಪಿಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ ಇನ್ನೊಂದು ಪರೀಕ್ಷೆ ಮಾಡಿದೆ. ಹಳೆಯ ಸಪೂರ ಕೇಬಲ್ ಮತ್ತೆ ಹಾಕಿ, ಬೇರೆ ಕಾರ್ಡಿನಿಂದ ರಾಸ್‌ಬೆರಿ ಪೈ ಓಎಸ್ ಬೂಟ್ ಮಾಡಿದೆ. ಅದರಲ್ಲಿ ಗೆಟ್ ಥ್ರಾಟಲ್ಡ್ ಅನ್ನುವ ಕಮಾಂಡ್ ಇದೆ. ನಾಲ್ಕೂ ಕೋರಿಗೆ ಕೆಲಸ ಕೊಟ್ಟು ಕೇಳಿದಾಗ 50005 ಅನ್ನುವ ಹೆಕ್ಸ್ ಸಂಖ್ಯೆ ಬಂತು. ಕೊನೆಯ 5 ಹೇಳೋದು: ಈಗ ವೋಲ್ಟೇಜ್ ಕಡಿಮೆ ಇದೆ, ಅದಕ್ಕೇ ವೇಗ ತಗ್ಗಿಸಿದ್ದೇನೆ. ಮೊದಲ 5 ಹೇಳೋದು: ಆನ್ ಆದಮೇಲೆ ಹಿಂದೆಯೂ ಹೀಗಾಗಿದೆ. ಸರಿಯಾದ ಅಡಾಪ್ಟರಿನಲ್ಲಿ ಬರಿಯ ಸೊನ್ನೆ ಬಂತು. ಎರಡು ವ್ಯವಸ್ಥೆ ಒಂದೇ ದೂರು ಹೇಳಿದಮೇಲೆ ಅನುಮಾನಕ್ಕೆ ಜಾಗ ಇರಲಿಲ್ಲ.

ಚೌಕ ಹೋಯಿತು, ಉಂಗುರ ಉಳಿಯಿತು

3 ಆಂಪಿನ ಅಡಾಪ್ಟರ್ ಹಾಕಿ ಶಾಲೆಯ ಕಾರ್ಡಿನಿಂದಲೇ ಮತ್ತೆ ಬೂಟ್ ಮಾಡಿದೆ. ಕೆಂಪು ದೀಪ ಅಲುಗಲಿಲ್ಲ. ಮೀಟರ್ 5.04. ಮಕ್ಕಳು ಬೆಂಚಿನ ಮೇಲೆ ಸಾಲಾಗಿ ಕೂತು ನೋಡುತ್ತಿದ್ದರು. ಉಂಗುರ ಜಾರಿತು, ಜಾರಿತು, ಒಮ್ಮೆ ತಡೆದು ಮತ್ತೆ ಮೊದಲಿನಿಂದ ಜಾರಿತು. ಚೌಕ ಬರಲಿಲ್ಲ.

ಅಕ್ಕೋರ ಮುಖ ಸಣ್ಣದಾಯಿತು. ನನಗೆ ಮಾತ್ರ ಇದು ಒಳ್ಳೆಯ ಸುದ್ದಿ ಅನಿಸಿತು. ಬೋರ್ಡು ಈಗ ಸಾಯುತ್ತಿಲ್ಲ, ಒಳಗೆ ಯಾವುದೋ ಬೀಳುತ್ತಿದೆ. ಒಳಗೆ ಬೀಳೋದು ಲಾಗ್ ಬರೆದು ಬೀಳುತ್ತದೆ.

ಈ ಸಲ ಕಾರ್ಡು ಅಳಿಸಲಿಲ್ಲ. ಸೀರಿಯಲ್ ತಂತಿ ಸಿಕ್ಕಿಸಿದೆ. 6ನೇ ಪಿನ್ನು ಗ್ರೌಂಡ್, 8ರಿಂದ ಪೈ ಮಾತಾಡುತ್ತದೆ, 10ರಲ್ಲಿ ಕೇಳಿಸಿಕೊಳ್ಳುತ್ತದೆ. ತಂತಿ 3.3 ವೋಲ್ಟಿನದೇ ಆಗಿರಬೇಕು, 5ರದ್ದಾದರೆ ಪಿನ್ನು ಸುಟ್ಟುಹೋಗಬಹುದು. ಕಾರ್ಡಿನ ಬೂಟ್ ಭಾಗದಲ್ಲಿರುವ ಕಾನ್ಫಿಗ್ ಫೈಲಿನಲ್ಲಿ ಯುಎಆರ್‌ಟಿ, ಅಂದರೆ ಈ ಸೀರಿಯಲ್ ದಾರಿ, ಆನ್ ಮಾಡುವ ಒಂದು ಸಾಲು ಸೇರಿಸಿದೆ. ಲ್ಯಾಪ್‌ಟಾಪಿನಲ್ಲಿ 115200 ವೇಗ ಇಟ್ಟೆ. ಪರದೆ ತುಂಬ ಕರ್ನೆಲ್ ಮಾತು ಹರಿಯತೊಡಗಿತು. ಟಿವಿಯಲ್ಲಿ ಬರೀ ಉಂಗುರ ನೋಡಿ ನೋಡಿ ಸಾಕಾಗಿದ್ದ ನನಗೆ ಆ ಕಪ್ಪು ಪರದೆ ಕಂಡು ನಿಜಕ್ಕೂ ಸಮಾಧಾನವಾಯಿತು.

ಎರಡು ವಿಷಯ ಕಂಡವು. ಒಂದು, ಕಾರ್ಡಿನಲ್ಲಿ ಆ್ಯಪ್‌ಗಳ ಮಾಹಿತಿ ಇರುವ ಯೂಸರ್‌ಡೇಟಾ ಭಾಗದ ಮೇಲೆ ಎಕ್ಸ್‌ಟಿ4 ಫೈಲ್ ಸಿಸ್ಟಮ್ಮಿನ ದೋಷದ ಸಾಲುಗಳು. ಬರೆಯುವ ಹೊತ್ತಿಗೆ ಬೋರ್ಡು ಪದೇಪದೇ ಸತ್ತಿದ್ದರ ಗಾಯ ಅದು. ಎರಡು, ಅದೇ ತಂತಿಯಲ್ಲಿ ಸಿಕ್ಕ ಶೆಲ್‌ನಿಂದ (ಕಮಾಂಡ್ ಬರೆಯುವ ಜಾಗ) ಆಂಡ್ರಾಯ್ಡ್‌ನ ಲಾಗ್ ಆದ ಲಾಗ್‌ಕ್ಯಾಟ್ ತೆಗೆದಾಗ ಎಲ್ಲಕ್ಕಿಂತ ಮುಖ್ಯವಾದ ಸಾಲು: ವಾಚ್‌ಡಾಗ್ ಕಿಲ್ಲಿಂಗ್ ಸಿಸ್ಟಮ್ ಪ್ರೊಸೆಸ್.

ಆಂಡ್ರಾಯ್ಡ್‌ನ ಬೆನ್ನೆಲುಬು ಸಿಸ್ಟಮ್ ಸರ್ವರ್ ಅನ್ನುವ ಪ್ರಕ್ರಿಯೆ. ಅದರ ಒಳಗೇ ವಾಚ್‌ಡಾಗ್ ಅನ್ನುವ ಕಾವಲುಗಾರ ಇದ್ದಾನೆ. ಮುಖ್ಯ ಕೆಲಸಗಳಲ್ಲಿ ಯಾವುದಾದರೂ 60 ಸೆಕೆಂಡ್ ಅಲುಗಾಡದೆ ನಿಂತರೆ, ಇದು ಕಟ್ಟಿಕೊಂಡಿದೆ ಅಂತ ತೀರ್ಮಾನಿಸಿ ಇಡೀ ಸಿಸ್ಟಮ್ ಸರ್ವರನ್ನೇ ಕೊಲ್ಲುತ್ತಾನೆ. ಆಗ ಅನಿಮೇಷನ್ ಮತ್ತೆ ಮೊದಲಾಗುತ್ತದೆ. ಫೋನಿನಲ್ಲಿ 60 ಸೆಕೆಂಡ್ ಅಂದರೆ ಬಹಳ ದೊಡ್ಡ ಹೊತ್ತು. ನಮ್ಮ ಕಾರ್ಡಿಗೆ ಅದು ಸಾಕಾಗುತ್ತಿರಲಿಲ್ಲ.

ಗಾಯವೋ, ನಿಧಾನವೋ? ಎರಡನ್ನೂ ಬೇರೆ ಮಾಡಿ ನೋಡಬೇಕಿತ್ತು. ಲಾಗನ್ನು ಉಳಿಸಿಕೊಂಡು, ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಫೈಲ್ ಸಿಸ್ಟಮ್ ರಿಪೇರಿ ಮಾಡಿದೆ. ದೋಷದ ಸಾಲುಗಳು ಹೋದವು, ಲೂಪ್ ಹೋಗಲಿಲ್ಲ. ಅದೇ ಕಾರ್ಡಿಗೆ ಹೊಸದಾಗಿ ಇಮೇಜು ಬರೆದೆ. ಹನ್ನೊಂದು ನಿಮಿಷಕ್ಕೆ ಎದ್ದಿತು, ನಡುವೆ ಒಮ್ಮೆ ಕಾವಲುಗಾರ ಕೊಂದೂ ಇದ್ದ. ಅದೇ ಇಮೇಜನ್ನು ಹೊಸ ಕಾರ್ಡಿಗೆ ಬರೆದೆ. ಎರಡೂವರೆ ನಿಮಿಷಕ್ಕೆ ಎದ್ದಿತು. ಎರಡನೇ ಸಲ ಒಂದೇ ನಿಮಿಷ ಸಾಕಾಯಿತು.

ಕೊರಿಯರ್‌ನಲ್ಲಿ ನಾನು ಕಳಿಸಿದ್ದು ನನ್ನ ಹಳೆಯ ಕ್ಯಾಮೆರಾದ ಕಾರ್ಡು. ಕ್ಲಾಸ್ 10 ಅಂತ ಮುದ್ರೆ ಇತ್ತು. ಆ ಮುದ್ರೆ ಹೇಳೋದು ಇಷ್ಟೇ: ಒಂದೇ ಸಮನೆ ಬರೆದರೆ ಸೆಕೆಂಡಿಗೆ 10 ಎಂಬಿ. ವಿಡಿಯೊ ಹಿಡಿಯೋಕೆ ಅದು ಸಾಕು. ಆಂಡ್ರಾಯ್ಡ್ ಬರೆಯೋದು ಹಾಗಲ್ಲ. ಅಲ್ಲೊಂದು ಇಲ್ಲೊಂದು ಅಂತ ಸಾವಿರಾರು ಚಿಕ್ಕ ಚಿಕ್ಕ ತುಣುಕು ಬರೆಯುತ್ತದೆ. ಇದಕ್ಕೆ ಬೇಕಾದ ಮುದ್ರೆ ಎ1. ಸೆಕೆಂಡಿಗೆ ಕನಿಷ್ಠ 1500 ಬಿಡಿ ಓದು, 500 ಬಿಡಿ ಬರೆಹ ಅಂತ ಆ ಮುದ್ರೆ ಮಾತು ಕೊಡುತ್ತದೆ. ನನ್ನ ಕ್ಯಾಮೆರಾ ಕಾರ್ಡನ್ನು ಅಳೆದಾಗ ಬಿಡಿ ಬರೆಹ ಸೆಕೆಂಡಿಗೆ 40 ದಾಟಲಿಲ್ಲ. ಕಾರ್ಡು ನಕಲಿಯೂ ಅಲ್ಲ, ಕೆಟ್ಟದ್ದೂ ಅಲ್ಲ. ಅಳತೆಯ ತುಂಬ ಬರೆದು ವಾಪಸು ಓದಿ ನೋಡಿದೆ, ಒಂದು ಬೈಟೂ ತಪ್ಪಲಿಲ್ಲ. ಅದು ಬೇರೆ ಕೆಲಸದ ಕಾರ್ಡು, ಅಷ್ಟೇ.

ಅಂಗಡಿಯಲ್ಲಿ ಎ2 ಇನ್ನೂ ಒಳ್ಳೆಯದು ಅಂತ ಕೊಡುತ್ತಾರೆ. ಎ2ನ ಪೂರ್ತಿ ವೇಗ ಬರಬೇಕಾದರೆ ಓದುವ ಯಂತ್ರವೂ ಅದಕ್ಕೆ ತಯಾರಿರಬೇಕು. ಪೈ 4ರಲ್ಲಿ ಆ ಅನುಕೂಲ ಇಲ್ಲ. ಎ1 ಸಾಕು, ದುಡ್ಡೂ ಉಳಿಯುತ್ತದೆ.

ಆ ಸಂಜೆ ಅಕ್ಕೋರ ಮನೆಯಲ್ಲಿ ಚಹಾ ಕುಡಿಯುತ್ತಾ ನನಗೆ ಒಂದು ವಿಷಯ ಹೊಳೆಯಿತು. ಫೋನಿಗೆ ಬ್ಯಾಟರಿ ಇದೆ, ಹಾಗಾಗಿ ಕೇಬಲ್ ಎಷ್ಟೇ ಸಪೂರ ಇದ್ದರೂ ಫೋನು ಸಾಯೋದಿಲ್ಲ, ನಿಧಾನಕ್ಕೆ ಚಾರ್ಜ್ ಆಗುತ್ತದೆ ಅಷ್ಟೇ. ಪೈಗೆ ಬ್ಯಾಟರಿ ಇಲ್ಲ. ಫೋನಿನಲ್ಲಿ ವೇಗದ ಸ್ಟೋರೇಜನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಪೈನಲ್ಲಿ ನಾವು ಹಾಕಿದ್ದೇ ಕಾರ್ಡು. ಆಂಡ್ರಾಯ್ಡ್ ತನ್ನ ಮೈಯಲ್ಲಿ ಇದೆ ಅಂತ ನಂಬಿಕೊಂಡಿರುವ ಎರಡು ಅಂಗ ಇಲ್ಲಿ ಇರಲೇ ಇಲ್ಲ. ಎರಡೂ ಕಾಯಿಲೆ ಅಲ್ಲಿಂದಲೇ ಬಂದಿದ್ದವು. ಹಾಗಾದರೆ ಇನ್ನೇನೇನು ಇಲ್ಲ? ಈ ಪ್ರಶ್ನೆ ಮರುದಿನ ಕೆಲಸಕ್ಕೆ ಬಂತು.

ಫೆಬ್ರುವರಿಯಲ್ಲಿ ನಿಂತ ಗಡಿಯಾರ

ಭಾನುವಾರ ಬೆಳಿಗ್ಗೆ ಆನ್ ಮಾಡಿದಾಗ ಆಂಡ್ರಾಯ್ಡ್ ಚೆನ್ನಾಗಿ ಎದ್ದಿತು. ಶಾಲೆಯ ವೈಫೈ ಹಿಡಿಯಿತು. ಆದರೆ ಇಂಟರ್ನೆಟ್ ಸರಿಯಾಗಿಲ್ಲ ಅನ್ನುವ ಗುರುತು. ಪಾಠದ ಆ್ಯಪ್ ಸಂಪರ್ಕ ಸಿಗುತ್ತಿಲ್ಲ ಅಂದಿತು. ಅದೇ ವೈಫೈಯಲ್ಲಿ ಅಕ್ಕೋರ ಫೋನು ಆರಾಮಾಗಿ ಓಡುತ್ತಿತ್ತು.

ಶನಿವಾರ ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟಿದ್ದಾಗ ಎಲ್ಲ ಸರಿ ಇತ್ತು. ಆಮೇಲೆ ಶಾಲೆಯ ವೈಫೈಗೆ ಬದಲಿಸಿದಾಗಲೂ ಸರಿ ಇತ್ತು. ರಾತ್ರಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದರೆ ಇಲ್ಲ. ಇಂಥದ್ದೇ ಮನುಷ್ಯನ ತಲೆ ಕೆಡಿಸೋದು. ನಿನ್ನೆ ಸರಿ, ಇವತ್ತು ಕೆಟ್ಟಿದೆ, ನಡುವೆ ಯಾರೂ ಏನೂ ಮುಟ್ಟಿಲ್ಲ.

ಬ್ರೌಸರ್ ತೆರೆದೆ. ಪುಟದ ಭದ್ರತಾ ಪ್ರಮಾಣಪತ್ರ, ಅಂದರೆ ಸೈಟು ಅಸಲಿ ಅಂತ ಹೇಳುವ ಪತ್ರ, ಇನ್ನೂ ಜಾರಿಗೆ ಬಂದಿಲ್ಲ ಅಂತ ಎಚ್ಚರಿಕೆ ಬಂತು. ಮುಗಿದಿದೆ ಅಂತಲ್ಲ, ಇನ್ನೂ ಜಾರಿಗೆ ಬಂದಿಲ್ಲ ಅಂತ. ಟಿವಿಯ ಮೂಲೆಯಲ್ಲಿ ಗಂಟೆ ಮಾತ್ರ ಕಾಣುತ್ತಿತ್ತು. ಪಟ್ಟಿ ಕೆಳಗೆ ಎಳೆದು ತಾರೀಕು ನೋಡಿದೆ. ಫೆಬ್ರುವರಿ.

ಮೂರನೇ ಅಂಗ ಗಡಿಯಾರ. ಪೈ 4ರಲ್ಲಿ ಬ್ಯಾಟರಿ ಮೇಲೆ ನಡೆಯುವ ಗಡಿಯಾರ ಇಲ್ಲ. ಕರೆಂಟು ತೆಗೆದರೆ ಹೊತ್ತು ಮರೆಯುತ್ತದೆ. ಸಾಮಾನ್ಯವಾಗಿ ಇಂಥ ಯಂತ್ರಗಳು 1970ನೇ ಇಸವಿ ತೋರಿಸುತ್ತವೆ, ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಆಂಡ್ರಾಯ್ಡ್ ಜಾಣತನ ಮಾಡುತ್ತದೆ. ಗಡಿಯಾರ ತೀರಾ ಹಿಂದೆ ಇದೆ ಅನಿಸಿದರೆ, ಇಮೇಜು ಕಟ್ಟಿದ ದಿನಕ್ಕೆ ಮುಂದೆ ತಳ್ಳುತ್ತದೆ. ನಮ್ಮ ಇಮೇಜು ಫೆಬ್ರುವರಿಯಲ್ಲಿ ಕಟ್ಟಿದ್ದು. ಫೆಬ್ರುವರಿ ಅನ್ನೋದು ಸುಳ್ಳಿನ ಹಾಗೆ ಕಾಣೋದಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ಎಷ್ಟೋ ಸೈಟುಗಳು ಬಳಸುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರದ ಆಯಸ್ಸು ಆಗ 90 ದಿನ. ಮೇ ತಿಂಗಳಲ್ಲಿ ಕೊಟ್ಟ ಪತ್ರವನ್ನು ಫೆಬ್ರುವರಿಯಲ್ಲಿ ನಿಂತವನು ನೋಡಿದರೆ ಇನ್ನೂ ಹುಟ್ಟಿಲ್ಲ ಅಂತಲೇ ಹೇಳುತ್ತಾನೆ. ಆಂಡ್ರಾಯ್ಡ್ ಇಂಟರ್ನೆಟ್ ಇದೆಯಾ ಅಂತ ಪರೀಕ್ಷಿಸುವಾಗಲೂ ಒಂದು ಸುರಕ್ಷಿತ ಕೊಂಡಿ ಬಳಸುತ್ತದೆ. ತಾರೀಕು ತಪ್ಪಿದ್ದರೆ ಆ ಪರೀಕ್ಷೆಯೂ ಕೈಕೊಡುತ್ತದೆ.

ಸಿಮ್ ಇರುವ ಫೋನಿಗೆ ಟವರಿನಿಂದಲೂ ಹೊತ್ತು ಸಿಗುತ್ತದೆ. ಪೈ ಅದನ್ನು ಎನ್‌ಟಿಪಿ ಅನ್ನುವ, ಹೊತ್ತು ಕೇಳುವ ವಿಧಾನದ ಮೂಲಕ, ಯುಡಿಪಿ 123ನೇ ಪೋರ್ಟಿನಲ್ಲಿ (ನೆಟ್ ಮಾತು ಹೋಗಿ ಬರುವ ಒಂದು ಬಾಗಿಲು), ನೆಟ್‌ನಿಂದಲೇ ಕೇಳಬೇಕು. ಶಾಲೆಯ ರೌಟರ್ ಸೆಟ್ ಮಾಡಿದವರು ಮಕ್ಕಳ ಸುರಕ್ಷೆಗೆಂದು ವೆಬ್ ಪೋರ್ಟುಗಳನ್ನು ಬಿಟ್ಟು ಉಳಿದದ್ದೆಲ್ಲ ಮುಚ್ಚಿದ್ದರು. ನನ್ನ ಹಾಟ್‌ಸ್ಪಾಟಿನಲ್ಲಿ 123 ತೆರೆದಿತ್ತು. ಒಮ್ಮೆ ಹೊತ್ತು ಸರಿಯಾದರೆ ಆಫ್ ಮಾಡುವ ತನಕ ಸರಿ. ಶನಿವಾರದ ಒಗಟು ಬಿಡಿಸಿತು.

ಖಾತ್ರಿಗೆ ಕೈಯಲ್ಲೇ ತಾರೀಕು ಸರಿಮಾಡಿದೆ. ಆ ಕ್ಷಣವೇ ಬ್ರೌಸರ್ ತೆರೆದುಕೊಂಡಿತು, ಆ್ಯಪ್ ಓಡಿತು.

ರೌಟರಿನಲ್ಲಿ 123 ತೆರೆಸಬಹುದಿತ್ತು. ನಾನು ಬೇಡ ಅಂದುಕೊಂಡೆ. ಮಲೆನಾಡಿನ ಮಳೆಗಾಲದಲ್ಲಿ ಮೂರು ದಿನ ನೆಟ್ ಇಲ್ಲದಿರೋದು ಹೊಸದಲ್ಲ. ಹೊತ್ತು ಪೆಟ್ಟಿಗೆಯ ಒಳಗೇ ಇರಬೇಕು. ಹಾಗಾಗಿ ಮುಂದಿನ ಸಲ ಬಂದಾಗ ಡಿಎಸ್3231 ಅನ್ನುವ ಪುಟ್ಟ ಗಡಿಯಾರದ ಮಾಡ್ಯೂಲ್ ಹಾಕಿದೆ. ವರ್ಷಕ್ಕೆ ಸುಮಾರು ಒಂದು ನಿಮಿಷದ ಆಚೀಚೆ, ಅಷ್ಟು ನಿಖರ. 3 ಮತ್ತು 5ನೇ ಪಿನ್ನು ಐ2ಸಿಗೆ (ಚಿಪ್ಪುಗಳು ತಮ್ಮೊಳಗೆ ಮಾತಾಡುವ ದಾರಿ), 1ನೇ ಪಿನ್ನು 3.3 ವೋಲ್ಟಿಗೆ, ಒಂದು ಗ್ರೌಂಡಿಗೆ. ನಮ್ಮ ಇಮೇಜಿನ ಕರ್ನೆಲ್‌ನಲ್ಲಿ ಅದರ ಡ್ರೈವರ್ ಇತ್ತು, ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಸಾಕಾಯಿತು. ಇಲ್ಲೊಂದು ಎಚ್ಚರ. ಅಗ್ಗದ ಮಾಡ್ಯೂಲ್‌ಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಅದಕ್ಕೆ 5 ವೋಲ್ಟ್ ಕೊಟ್ಟು, ಚಾರ್ಜ್ ಮಾಡಬಾರದ ಸಿಆರ್2032 ಬಿಲ್ಲೆ ಹಾಕಿದರೆ ಬಿಲ್ಲೆ ಊದಿಕೊಳ್ಳಬಹುದು. ಮಕ್ಕಳ ಕೋಣೆಯಲ್ಲಿ ಅದು ಬೇಡವೇ ಬೇಡ. 3.3 ವೋಲ್ಟೇ ಕೊಡಿ.

ಸ್ವಿಚ್ಚು

ಇನ್ನೊಂದು ಅಂಗವೂ ಇರಲಿಲ್ಲ. ಪೈ 4ಕ್ಕೆ ಪವರ್ ಬಟನ್ ಇಲ್ಲ. ಗಂಟೆ ಹೊಡೆದ ಕೂಡಲೇ ಯಾರೋ ಗೋಡೆಯ ಸ್ವಿಚ್ಚು ಆರಿಸುತ್ತಿದ್ದರು. ಕಾರ್ಡಿನ ಗಾಯದಲ್ಲಿ ಅದರ ಪಾಲೂ ಇದ್ದಿರಬೇಕು.

ಪೈಗೆ ಒಂದು ಒತ್ತುಗುಂಡಿ ಸೇರಿಸುವ ಓವರ್‌ಲೇ, ಅಂದರೆ ಕಾನ್ಫಿಗ್ ಫೈಲಿನಲ್ಲಿ ಆನ್ ಮಾಡುವ ಸಿದ್ಧ ಸೆಟ್ಟಿಂಗ್, ಇದೆ. ಅದು ಮೊದಲೇ ಆರಿಸಿಕೊಂಡಿರುವ ಪಿನ್ನು 5ನೆಯದು. ಆ ಪಿನ್ನನ್ನು ನಮ್ಮ ಗಡಿಯಾರ ಹಿಡಿದಿತ್ತು. ಹಾಗಾಗಿ ಗುಂಡಿಯನ್ನು 39 ಮತ್ತು 40ನೇ ಪಿನ್ನಿನ ನಡುವೆ ಹಾಕಿ, 40ನೇ ಪಿನ್ನಿನ ಇನ್ನೊಂದು ಹೆಸರಾದ ಜಿಪಿಐಒ 21 ಅಂತ ಫೈಲಿನಲ್ಲಿ ಬರೆದೆ. ಗುಂಡಿ ಒತ್ತಿದರೆ ಆಂಡ್ರಾಯ್ಡ್‌ಗೆ ಪವರ್ ಕೀ ಒತ್ತಿದ ಹಾಗೆ. ಚಿಕ್ಕದಾಗಿ ಒತ್ತಿದರೆ ಪರದೆ ಮಲಗುತ್ತದೆ, ಹಿಡಿದುಕೊಂಡರೆ ಆಫ್ ಮಾಡುವ ಆಯ್ಕೆ ಬರುತ್ತದೆ. ಇದನ್ನು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಐದನೇ ತರಗತಿಯ ಒಬ್ಬ ಹುಡುಗಿ ನೋಡಿದ ಕೂಡಲೇ ಒತ್ತಿ ಹಿಡಿದಳು. ಒಂದೇ ಕೊರತೆ: ಪೂರ್ತಿ ಆಫ್ ಆದಮೇಲೆ ಈ ಗುಂಡಿಯಿಂದ ಎಬ್ಬಿಸೋಕೆ ಆಗೋದಿಲ್ಲ, ಆ ಅನುಕೂಲ 5ನೇ ಪಿನ್ನಿಗೆ ಮಾತ್ರ. ಗೋಡೆಯ ಸ್ವಿಚ್ಚು ಒಮ್ಮೆ ಆರಿಸಿ ಹಾಕಬೇಕು.

ಸಪೂರ ಕೇಬಲನ್ನು ಅಕ್ಕೋರು ಎಸೆಯಲಿಲ್ಲ, ಅದರಲ್ಲಿ ಫೋನು ಚಾರ್ಜ್ ಮಾಡುತ್ತಾರೆ. ಪೈನ ಅಡಾಪ್ಟರಿಗೆ ಕೆಂಪು ದಾರ ಕಟ್ಟಿದ್ದಾರೆ, ಅದಲುಬದಲಾಗಬಾರದು ಅಂತ. ಇಡೀ ಕಾರ್ಡಿನ ಒಂದು ಪ್ರತಿಯನ್ನು ಇನ್ನೊಂದು ಎ1 ಕಾರ್ಡಿಗೆ ಬರೆದು ಶಾಲೆಯ ಕಪಾಟಿನಲ್ಲಿ ಇಟ್ಟಿದ್ದೇನೆ. 1080ರ ವಿಡಿಯೊ ಕೆಲವು ಈಗಲೂ ತಡೆದು ತಡೆದು ಓಡುತ್ತವೆ. ನಮ್ಮ ಇಮೇಜಿನಲ್ಲಿ ಅವನ್ನು ಬಿಡಿಸುವ ಭಾರ ಪ್ರೊಸೆಸರ್ ಮೇಲೇ ಬೀಳುತ್ತಿದೆ. ಸದ್ಯಕ್ಕೆ 720ರಲ್ಲಿ ನೋಡುತ್ತಿದ್ದಾರೆ. ಆ ಲಾಗ್ ಕೂಡ ಉಳಿಸಿಕೊಂಡಿದ್ದೇನೆ, ದಸರೆ ರಜೆಯಲ್ಲಿ ಕೂತು ನೋಡಬೇಕು.